ಹೆಸರೊಂದು, ಚಿಪ್ ಇನ್ನೊಂದು

ಟಿಪಿ-ಲಿಂಕ್ ಕಂಪನಿಯ ಟಿಎಲ್-ಡಬ್ಲ್ಯುಎನ್722ಎನ್ ಬೆರಳುದ್ದದ ವೈಫೈ ಅಡಾಪ್ಟರ್. ಒಂದು ತುದಿಗೆ ಯುಎಸ್‌ಬಿ ಪ್ಲಗ್, ಇನ್ನೊಂದು ತುದಿಗೆ ತಿರುಪಿ ಕೂರಿಸುವ ಆಂಟೆನಾ. ಲಿನಕ್ಸ್ ಬಳಸುವವರ ನಡುವೆ ಒಂದು ಕಾಲಕ್ಕೆ ಇದಕ್ಕೆ ಒಳ್ಳೆಯ ಹೆಸರಿತ್ತು. ಒಳಗಿದ್ದದ್ದು ಅಥೆರೋಸ್ ಕಂಪನಿಯ ಎಆರ್9271 ಚಿಪ್. ಅದರ ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೇ ಇದ್ದುದರಿಂದ ಸಿಕ್ಕಿಸಿದರೆ ಸಾಕು, ನೆಟ್‌ವರ್ಕ್ ಸಿಗುತ್ತಿತ್ತು. ಹಾಗಾಗಿ ಎಷ್ಟೋ ಪಟ್ಟಿಗಳಲ್ಲಿ, ಕೈಪಿಡಿಗಳಲ್ಲಿ ‘722ಎನ್: ಲಿನಕ್ಸ್‌ನಲ್ಲಿ ಕೆಲಸ ಮಾಡುತ್ತದೆ’ ಎಂಬ ಸಾಲು ಸೇರಿಕೊಂಡಿತು.

ಮುಂದೆ ಕಂಪನಿ ಅದೇ ಹೆಸರಿನಲ್ಲಿ ಎರಡನೆಯ ಆವೃತ್ತಿ ತಂದಿತು. ಒಳಗೆ ಈ ಸಲ ರಿಯಲ್‌ಟೆಕ್ ಕಂಪನಿಯ ಆರ್‌ಟಿಎಲ್8188ಇಯುಎಸ್. ಬೇರೆ ಚಿಪ್, ಬೇರೆ ಡ್ರೈವರ್, ಬೇರೆಯೇ ಗುಣದೋಷ. ಬದಲಾವಣೆಯ ಸುಳಿವು ಬೇಕೆಂದರೆ ಲೇಬಲ್ಲಿನ ಮೇಲಿನ ಸಣ್ಣಕ್ಷರದಲ್ಲಿ ಆವೃತ್ತಿ ಸಂಖ್ಯೆ ಹುಡುಕಬೇಕು. ಪಟ್ಟಿಯಲ್ಲಿದ್ದ ಸಾಲನ್ನು ಯಾರೂ ಮುಟ್ಟಲಿಲ್ಲ, ಯಾರೂ ತಪ್ಪು ಬರೆಯಲಿಲ್ಲ. ಆದರೂ ಅದು ಅರ್ಧ ಸುಳ್ಳಾಗಿಬಿಟ್ಟಿತು.

ಯಾವ ಯಂತ್ರಾಂಶಕ್ಕೆ ಯಾವ ತಂತ್ರಾಂಶ ಹೊಂದುತ್ತದೆ ಎಂದು ಹೇಳುವ ಬರಹವನ್ನು ಹೊಂದಾಣಿಕೆ ದಾಖಲೆ ಎನ್ನೋಣ. ಎರಡನ್ನೂ ತಾನೇ ತಯಾರಿಸುವ ಕಂಪನಿಗೆ ಇದು ಅಷ್ಟು ದೊಡ್ಡ ತಲೆನೋವಲ್ಲ. ಕಾರ್ಖಾನೆಯಲ್ಲಿ ಚಿಪ್ ಬದಲಾದರೆ ಪಕ್ಕದ ಕಟ್ಟಡದಲ್ಲಿ ಕೂತ ಪ್ರೋಗ್ರಾಮರ್‌ಗೆ ಸುದ್ದಿ ಮುಟ್ಟುತ್ತದೆ. ಮುಕ್ತ ತಂತ್ರಾಂಶದ ಯೋಜನೆಗಳ ಪಾಡು ಬೇರೆ. ಯಂತ್ರ ತಯಾರಿಸುವವರು ಯಾರೋ, ಅದಕ್ಕೆ ಡ್ರೈವರ್ ಬರೆಯುವವರು ಇನ್ಯಾರೋ, ಪಟ್ಟಿಯಲ್ಲಿ ಸಾಲು ಸೇರಿಸುವವರು ಮತ್ತೊಬ್ಬರು. ಈ ಮೂವರಿಗೂ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ಹೀಗಿದ್ದೂ ಪಟ್ಟಿ ನಂಬಿಕೆಗೆ ಅರ್ಹವಾಗಿ ಉಳಿಯಬೇಕಾದರೆ ಏನು ಮಾಡಬೇಕು? ಕಳೆದ ಎರಡು ದಶಕಗಳಲ್ಲಿ ಬೇರೆ ಬೇರೆ ಯೋಜನೆಗಳು ಇದಕ್ಕೆ ಕಂಡುಕೊಂಡ ಉತ್ತರಗಳೇ ಈ ಅಧ್ಯಾಯದ ವಸ್ತು.

ನೀಲಿ ರೌಟರಿನ ಪಾಠ

2002ರ ಕೊನೆಯಲ್ಲಿ ಲಿಂಕ್‌ಸಿಸ್ ಕಂಪನಿ ಡಬ್ಲ್ಯುಆರ್‌ಟಿ54ಜಿ ಎಂಬ ರೌಟರ್ ಮಾರುಕಟ್ಟೆಗೆ ಬಿಟ್ಟಿತು. ನೀಲಿ-ಕಪ್ಪು ಡಬ್ಬಿ, ಹಿಂದೆ ಎರಡು ಆಂಟೆನಾ. ಅದರೊಳಗೆ ಓಡುತ್ತಿರುವುದು ಲಿನಕ್ಸ್ ಎಂಬುದನ್ನು ಕುತೂಹಲಿಗಳು ಮರುವರ್ಷವೇ ಪತ್ತೆ ಮಾಡಿದರು. ಲಿನಕ್ಸ್‌ನ ಜಿಪಿಎಲ್ ಪರವಾನಗಿಯ ಪ್ರಕಾರ, ಅದನ್ನು ಬಳಸಿ ಸಾಧನ ಮಾರುವವರು ಮೂಲ ಸಂಕೇತವನ್ನೂ ಕೊಡಬೇಕು. 2003ರಲ್ಲಿ ಕಂಪನಿ ಸಂಕೇತ ಬಿಡುಗಡೆ ಮಾಡಿತು. ಅದೇ ಬುನಾದಿಯ ಮೇಲೆ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಯೋಜನೆ ಹುಟ್ಟಿತು. ರೌಟರ್‌ಗಳಿಗೆ ಕಂಪನಿಯ ತಂತ್ರಾಂಶದ ಬದಲು ಹಾಕಿಕೊಳ್ಳಬಹುದಾದ ಮುಕ್ತ ತಂತ್ರಾಂಶ ಅದು. ಯೋಜನೆಯ ಹೆಸರಿನ ಬಾಲದಲ್ಲೇ ಆ ರೌಟರಿನ ಗುರುತಿದೆ.

2005ರಲ್ಲಿ ಅದೇ ರೌಟರಿನ ಐದನೆಯ ಆವೃತ್ತಿ ಬಂತು. ನಾಲ್ಕನೆಯದರಲ್ಲಿ 4 ಎಂಬಿ ಫ್ಲ್ಯಾಶ್, 16 ಎಂಬಿ ರ್‍ಯಾಮ್ ಇತ್ತು. ಐದನೆಯದರಲ್ಲಿ ಎರಡೂ ಅರ್ಧಕ್ಕೆ ಇಳಿದವು. ಲಿನಕ್ಸ್ ಜಾಗಕ್ಕೆ ವಿಎಕ್ಸ್‌ವರ್ಕ್ಸ್ ಎಂಬ ಬೇರೆ ಕಾರ್ಯಾಚರಣೆ ವ್ಯವಸ್ಥೆ ಬಂದು ಕೂತಿತು. ಓಪನ್‌ಡಬ್ಲ್ಯುಆರ್‌ಟಿ ನೆಚ್ಚಿಕೊಂಡು ಅಂಗಡಿಗೆ ಹೋದವರ ಕೈಗೆ ಸಿಕ್ಕ ಡಬ್ಬಿಯ ಮೇಲೆ ಅದೇ ಹೆಸರಿತ್ತು, ಒಳಗೆ ಓಪನ್‌ಡಬ್ಲ್ಯುಆರ್‌ಟಿಗೆ ಬೇಕಾದಷ್ಟು ಜಾಗ ಮಾತ್ರ ಇರಲಿಲ್ಲ. ಲಿನಕ್ಸ್ ಬೇಕೆನ್ನುವವರಿಗಾಗಿ ಕಂಪನಿ ಹಳೆಯ ನಾಲ್ಕನೆಯ ಆವೃತ್ತಿಯನ್ನೇ ಡಬ್ಲ್ಯುಆರ್‌ಟಿ54ಜಿಎಲ್ ಎಂಬ ಹೆಸರಿನಲ್ಲಿ ಮಾರಿತು.

ಇಂಥ ಗೊಂದಲ ತಪ್ಪಿಸಲು ಓಪನ್‌ಡಬ್ಲ್ಯುಆರ್‌ಟಿಯ ಯಂತ್ರಾಂಶ ಕೋಷ್ಟಕದಲ್ಲಿ ‘ಬ್ರ್ಯಾಂಡ್’, ‘ಮಾಡೆಲ್’ ಅಂಕಣಗಳಷ್ಟೇ ಮುಖ್ಯವಾಗಿ ‘ಆವೃತ್ತಿ’ ಎಂಬ ಅಂಕಣವೂ ಇದೆ. ಅದನ್ನು ಖಾಲಿ ಬಿಟ್ಟ ಸಾಲನ್ನು ನಂಬಿ ದುಡ್ಡು ಕೊಡುವಂತಿಲ್ಲ.

ಪಟ್ಟಿ ಹಳಸುವ ಬಗೆ

ಪಹಣಿಯಲ್ಲಿ ರಾಗಿ ಎಂದು ಬರೆದಿರುತ್ತದೆ, ಹೊಲದಲ್ಲಿ ನೋಡಿದರೆ ಮಾವಿನ ಸಸಿ ನಿಂತಿರುತ್ತದೆ. ಬರೆದ ದಿನ ಅಲ್ಲಿ ರಾಗಿಯೇ ಇತ್ತು. ಹೊಲದಲ್ಲಿ ಬೆಳೆ ಬದಲಾದರೆ ಪಹಣಿ ತಾನಾಗಿ ಬದಲಾಗುವುದಿಲ್ಲ. ಯಾರೋ ಹೋಗಿ ನೋಡಿ ತಿದ್ದಬೇಕು. ಹೊಂದಾಣಿಕೆ ದಾಖಲೆಯ ರೋಗವೂ ಇದೇ. ಇಲ್ಲಿ ಬದಲಾಗುವುದು ಎರಡು ಕಡೆ. ಕಾರ್ಖಾನೆಯಲ್ಲಿ ಚಿಪ್ ಬದಲಾಗುತ್ತದೆ, ಯೋಜನೆಯೊಳಗೆ ಸಂಕೇತ ಬದಲಾಗುತ್ತದೆ. ಇವೆರಡರ ಹಿಂದೆ ಓಡಬೇಕಾದ ಬರಹ ಯಾರಿಗಾದರೂ ನೆನಪಾದಾಗ ಮಾತ್ರ ಒಂದು ಹೆಜ್ಜೆ ಇಡುತ್ತದೆ.

ಸಾಮಾನ್ಯವಾಗಿ ಇದಕ್ಕೆ ಸಿಗುವ ಪರಿಹಾರ ‘ಎಲ್ಲರೂ ಶಿಸ್ತಿನಿಂದ ಪಟ್ಟಿ ನವೀಕರಿಸಬೇಕು’ ಎಂಬ ಸೂಚನೆ. ಅದು ನಡೆಯುವ ಮಾತಲ್ಲ. ಬಿಡುವಿನಲ್ಲಿ ಡ್ರೈವರ್ ಬರೆಯುವ ಸ್ವಯಂಸೇವಕ ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ, ಮತ್ತೆ ಇನ್ನೊಂದು ಕಡೆ ಲಾಗಿನ್ ಆಗಿ ಅದೇ ಸಂಗತಿಯನ್ನು ಎರಡನೆಯ ಸಲ ಬರೆಯುತ್ತಾನೆಂದು ನಿರೀಕ್ಷಿಸುವುದೇ ತಪ್ಪು. ಒಂದೇ ಸಂಗತಿಯನ್ನು ಎರಡು ಕಡೆ ಬರೆದಿಟ್ಟರೆ ಇಂದಲ್ಲ ನಾಳೆ ಅವೆರಡೂ ಬೇರೆ ಬೇರೆ ಮಾತಾಡುತ್ತವೆ. ಹಾಗಾಗಿ ಯಶಸ್ವಿಯಾದ ಹಲವು ಯೋಜನೆಗಳು ಹಿಡಿದ ದಾರಿ ಒಂದೇ: ಯಂತ್ರ ಓದುವ ಬರಹದಿಂದಲೇ ಮನುಷ್ಯರು ಓದುವ ಬರಹವನ್ನು ಹೊರಡಿಸುವುದು.

ಚಿಪ್ ತಾನೇ ಹೇಳುವ ಹೆಸರು

ಯುಎಸ್‌ಬಿ ಸಾಧನವನ್ನು ಸಿಕ್ಕಿಸಿದ ಕೂಡಲೇ ಅದು ಕಂಪ್ಯೂಟರಿಗೆ ತನ್ನ ಪರಿಚಯ ಹೇಳಿಕೊಳ್ಳುತ್ತದೆ. ಆ ಪರಿಚಯದಲ್ಲಿ ಎರಡು ಸಂಖ್ಯೆಗಳಿರುತ್ತವೆ: ಮೊದಲನೆಯದು ತಯಾರಕರದ್ದು, ಎರಡನೆಯದು ಉತ್ಪನ್ನದ್ದು. ಕಂಪ್ಯೂಟರಿನ ಒಳಗಿನ ಪಿಸಿಐ ಕಾರ್ಡುಗಳದ್ದೂ ಇದೇ ಕ್ರಮ. ಪಿಸಿಐ ಲೋಕದಲ್ಲಿ ಇಂಟೆಲ್ ಕಂಪನಿಯ ಸಂಖ್ಯೆ 8086. ಅದರ 1978ರ ಪ್ರಸಿದ್ಧ ಪ್ರೊಸೆಸರ್‌ನ ಹೆಸರೇ ಇಲ್ಲಿ ಗುರುತಿನ ಸಂಖ್ಯೆಯಾಗಿದೆ.

ನಮ್ಮ 722ಎನ್ ಅಡಾಪ್ಟರಿನ ಮೊದಲ ಆವೃತ್ತಿ ಹೇಳಿಕೊಳ್ಳುವ ಸಂಖ್ಯೆ 0ಸಿಎಫ್3:9271. ಎರಡನೆಯ ಆವೃತ್ತಿಯದ್ದು 2357:010ಸಿ. ಡಬ್ಬಿಯ ಮೇಲೆ ಒಂದೇ ಹೆಸರಿದ್ದರೂ ತಂತಿಯಲ್ಲಿ ಹರಿಯುವ ಹೆಸರು ಬೇರೆ ಬೇರೆ. ಅಂಗಡಿಯಲ್ಲಿ ಒಮ್ಮೆ ಸಿಕ್ಕಿಸಿ ನೋಡಲು ಬಿಟ್ಟರೆ, ಲಿನಕ್ಸ್ ಲ್ಯಾಪ್‌ಟಾಪಿನ ‘ಎಲ್‌ಎಸ್‌ಯುಎಸ್‌ಬಿ’ ಆದೇಶ ಕ್ಷಣದಲ್ಲಿ ಗುಟ್ಟು ಬಿಟ್ಟುಕೊಡುತ್ತದೆ.

ಲಿನಕ್ಸ್ ಕರ್ನಲ್‌ನ ಪ್ರತಿ ಯುಎಸ್‌ಬಿ ಡ್ರೈವರಿನ ಒಳಗೂ ಇಂಥ ಸಂಖ್ಯೆಗಳ ಕೋಷ್ಟಕ ಒಂದಿರುತ್ತದೆ: ‘ಇಷ್ಟು ಸಾಧನಗಳನ್ನು ನಾನು ನೋಡಿಕೊಳ್ಳಬಲ್ಲೆ’ ಎಂಬ ಘೋಷಣೆ ಅದು. ಕರ್ನಲ್ ಕಟ್ಟಿ ಸ್ಥಾಪಿಸುವಾಗ ಈ ಕೋಷ್ಟಕಗಳನ್ನೆಲ್ಲ ಹೆಕ್ಕಿ ‘ಮಾಡ್ಯೂಲ್ಸ್.ಅಲಿಯಾಸ್’ ಎಂಬ ಒಂದೇ ಕಡತದಲ್ಲಿ ಸೇರಿಸಲಾಗುತ್ತದೆ. ಸಾಧನ ಸಿಕ್ಕಿಸಿದಾಗ ಅದರ ಸಂಖ್ಯೆ ಈ ಕಡತದ ಯಾವ ಸಾಲಿಗೆ ಹೊಂದುತ್ತದೋ ಆ ಡ್ರೈವರ್ ಎದ್ದು ಬರುತ್ತದೆ. ಹೊಂದಾಣಿಕೆ ದಾಖಲೆಗಳಲ್ಲೆಲ್ಲ ಹೆಚ್ಚು ನೆಚ್ಚಬಹುದಾದದ್ದು ಇದು. ಒಂದು ಸಾಲು ತಪ್ಪಿದರೂ ಯಾರದೋ ಸಾಧನ ಓಡುವುದು ನಿಲ್ಲುತ್ತದೆ, ದೂರು ಬರುತ್ತದೆ, ಸಾಲು ತಿದ್ದಿಯಾಗುತ್ತದೆ.

ಇದಕ್ಕೂ ಮಿತಿಯಿದೆ. ಸಂಖ್ಯೆ ಹೇಳಿಕೊಳ್ಳುವುದು ಚಿಪ್ ತಾನೇ, ಅದು ಸುಳ್ಳನ್ನೂ ಹೇಳಬಹುದು. ಯುಎಸ್‌ಬಿಯನ್ನು ಸೀರಿಯಲ್ ಸಂಪರ್ಕಕ್ಕೆ ಬದಲಿಸುವ ಎಫ್‌ಟಿಡಿಐ ಕಂಪನಿಯ ಚಿಪ್‌ಗಳಿಗೆ ನಕಲಿಗಳು ಹೇರಳ. ಅವು ಅಸಲಿಯ ಸಂಖ್ಯೆಯನ್ನೇ ಹೇಳುತ್ತವೆ. 2014ರಲ್ಲಿ ಆ ಕಂಪನಿ ವಿಂಡೋಸ್‌ಗೆ ಕೊಟ್ಟ ಹೊಸ ಡ್ರೈವರ್ ನಕಲಿ ಚಿಪ್‌ಗಳನ್ನು ಪತ್ತೆಹಚ್ಚಿ ಅವುಗಳ ಉತ್ಪನ್ನ ಸಂಖ್ಯೆಯನ್ನು ಸೊನ್ನೆಗೆ ಇಳಿಸಿತು. ತಮ್ಮ ಬೋರ್ಡಿನಲ್ಲಿ ನಕಲಿ ಇದೆಯೆಂಬ ಅರಿವೇ ಇಲ್ಲದಿದ್ದವರ ಸಾಧನಗಳು ಏಕಾಏಕಿ ಸತ್ತಂತಾಗಿ ದೊಡ್ಡ ಗಲಾಟೆಯೇ ಆಯಿತು.

ಇನ್ನೊಂದು ತೊಡಕೆಂದರೆ, ಸಂಖ್ಯೆ ಹಿಡಿದು ಯಾರೂ ಅಂಗಡಿಗೆ ಹೋಗುವುದಿಲ್ಲ. ‘2357:010ಸಿ ಕೊಡಿ’ ಎಂದರೆ ಬೆಂಗಳೂರಿನ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯವನೂ ಕಕ್ಕಾಬಿಕ್ಕಿಯಾದಾನು. ಮಾರಾಟದ ಹೆಸರು ಮನುಷ್ಯರ ನಡುವೆ ಮಾತ್ರ ಇರುವಂಥದ್ದು; ಡ್ರೈವರಿಗೆ ಅದು ಬೇಕಿಲ್ಲ. ಸಂಖ್ಯೆಗೂ ಹೆಸರಿಗೂ ಸೇತುವೆ ಕಟ್ಟುವ ಕೆಲಸ ಯಾರಾದರೂ ಕೈಯಾರೆ ಮಾಡಲೇಬೇಕು.

ಕೈಪಿಡಿಯ ಒಂದು ತಲೆಬರಹ

ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣೆ ವ್ಯವಸ್ಥೆ ಈ ಸೇತುವೆಯನ್ನು ಅಚ್ಚುಕಟ್ಟಾಗಿ ಕಟ್ಟಿದೆ. ಅಲ್ಲಿ ಬಹುತೇಕ ಪ್ರತಿ ಡ್ರೈವರಿಗೂ ಒಂದು ಕೈಪಿಡಿ ಪುಟ. ಆ ಪುಟದಲ್ಲಿ ‘ಹಾರ್ಡ್‌ವೇರ್’ ಎಂಬ ನಿಗದಿತ ತಲೆಬರಹ. ಅದರ ಕೆಳಗೆ ಆ ಡ್ರೈವರ್ ಯಾವ ಯಾವ ಕಾರ್ಡುಗಳನ್ನು ನಡೆಸುತ್ತದೆ ಎಂಬ ಪಟ್ಟಿ, ಮಾರಾಟದ ಹೆಸರುಗಳಲ್ಲಿ. ಬಿಡುಗಡೆಯ ಜೊತೆ ಬರುವ ‘ಯಂತ್ರಾಂಶ ಟಿಪ್ಪಣಿ’ಯ ಬಹುಭಾಗವನ್ನು ಒಂದು ಸಣ್ಣ ಪ್ರೋಗ್ರಾಮ್ ಈ ಎಲ್ಲ ಪುಟಗಳಿಂದ ಆ ತಲೆಬರಹದ ಕೆಳಗಿನ ಭಾಗವನ್ನಷ್ಟೇ ಕತ್ತರಿಸಿ ಜೋಡಿಸಿ ತಯಾರಿಸುತ್ತದೆ.

ಕೈಪಿಡಿ ಪುಟವೂ ಡ್ರೈವರಿನ ಸಂಕೇತವೂ ಇರುವುದು ಒಂದೇ ಭಂಡಾರದಲ್ಲಿ. ಹೊಸ ಕಾರ್ಡಿನ ಸಂಖ್ಯೆ ಸೇರಿಸುವ ಬದಲಾವಣೆಯ ಜೊತೆಗೇ ಅದರ ಹೆಸರನ್ನು ಪುಟದಲ್ಲಿ ಸೇರಿಸಬಹುದು, ಪರಿಶೀಲಿಸುವವರಿಗೆ ಎರಡೂ ಒಟ್ಟಿಗೆ ಕಾಣುತ್ತವೆ, ಒಂದು ಮರೆತಿದ್ದರೆ ಅಲ್ಲೇ ಕೇಳಬಹುದು. ಹೀಗೆ ಹೆಸರು ಬರೆಯುವ ಜವಾಬ್ದಾರಿ ದೂರದ ‘ದಾಖಲೆ ತಂಡ’ದಿಂದ ಆ ಚಿಪ್ಪನ್ನು ಬಲ್ಲವರ ಕೈಗೇ ಬಂತು.

ಮಾತಾಡದ ಚಿಪ್‌ಗಳು

ಯುಎಸ್‌ಬಿ, ಪಿಸಿಐ ಸಾಧನಗಳೇನೋ ಪರಿಚಯ ಹೇಳಿಕೊಳ್ಳುತ್ತವೆ. ಆದರೆ ಮೊಬೈಲ್, ರೌಟರ್, ಟಿವಿ ಪೆಟ್ಟಿಗೆಗಳ ಒಳಗೆ ಬೆಸುಗೆ ಹಾಕಿ ಕೂರಿಸಿದ ಚಿಪ್‌ಗಳಲ್ಲಿ ಬಹುಪಾಲು ಮೂಕ. ಎರಡು ತಂತಿಯ ಐ2ಸಿ ಬಸ್ಸಿನ ಮೇಲೆ ಕೂತ ತಾಪಮಾನ ಸಂವೇದಕ ‘ನಾನು ಇಂಥವನು’ ಎಂದು ಹೇಳುವುದಿಲ್ಲ. ಅದು ಅಲ್ಲಿದೆ, ಇಂಥ ವಿಳಾಸದಲ್ಲಿದೆ ಎಂದು ಕರ್ನಲ್‌ಗೆ ಬೇರೆ ಯಾರಾದರೂ ಹೇಳಬೇಕು.

ಆರ್ಮ್ ಪ್ರೊಸೆಸರ್‌ಗಳ ಲೋಕದಲ್ಲಿ ಹಿಂದೆ ಇದನ್ನು ಪ್ರತಿ ಬೋರ್ಡಿಗೂ ಒಂದೊಂದು ಕಡತದಂತೆ ಕರ್ನಲ್‌ನ ಒಳಗೇ ಬರೆಯುತ್ತಿದ್ದರು. ಬೋರ್ಡು ಹೆಚ್ಚಿದಂತೆ ಕಡತಗಳೂ ಬೆಳೆದು 2011ರಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಈ ಗೊಂದಲದ ಬಗ್ಗೆ ಬಹಿರಂಗವಾಗಿಯೇ ಸಿಡಿಮಿಡಿಗೊಂಡರು. ಆ ಬಳಿಕ ಆರ್ಮ್ ಲೋಕ ‘ಡಿವೈಸ್ ಟ್ರೀ’ ಎಂಬ ಕ್ರಮದತ್ತ ವೇಗವಾಗಿ ಹೊರಳಿತು. ಬೋರ್ಡಿನ ಮೇಲೆ ಏನೇನಿದೆ ಎಂಬುದನ್ನು ಸಂಕೇತದಿಂದ ಹೊರತೆಗೆದು, ಒಂದು ವಂಶವೃಕ್ಷದ ರೂಪದಲ್ಲಿ ಪ್ರತ್ಯೇಕ ಕಡತದಲ್ಲಿ ವಿವರಿಸುವ ಪದ್ಧತಿ ಇದು. ಸನ್ ಕಂಪನಿಯ ಗಣಕಗಳು ಬಳಸುತ್ತಿದ್ದ ಓಪನ್ ಫರ್ಮ್‌ವೇರ್‌ನಿಂದ ಬಂದದ್ದು.

ಈ ವೃಕ್ಷದಲ್ಲಿ ಸಾಧನವನ್ನು ವಿವರಿಸುವ ರೆಂಬೆಗಳಲ್ಲಿ ಸಾಮಾನ್ಯವಾಗಿ ‘ಕಂಪ್ಯಾಟಿಬಲ್’ ಎಂಬ ಸಾಲಿರುತ್ತದೆ. ಅದರಲ್ಲಿ ಹೆಸರುಗಳು ಕ್ರಮವಾಗಿ ನಿಲ್ಲುತ್ತವೆ: ಮೊದಲು ಇದೇ ಚಿಪ್ಪಿನ ನಿಖರ ಹೆಸರು, ಆಮೇಲೆ ಇದು ಯಾವ ಹಳೆಯ ಚಿಪ್ಪಿನಂತೆ ನಡೆದುಕೊಳ್ಳುತ್ತದೋ ಅದರ ಹೆಸರು. ನಿಖರ ಹೆಸರಿನ ಡ್ರೈವರ್ ಸಿಗದಿದ್ದರೆ ಕರ್ನಲ್ ಎರಡನೆಯದನ್ನು ಹುಡುಕುತ್ತದೆ. ಹೊಂದಾಣಿಕೆಯ ಹೇಳಿಕೆಯೇ ಇಲ್ಲಿ ಯಂತ್ರ ಓದುವ ಆದೇಶವಾಗಿದೆ.

ಯಾವ ಚಿಪ್ಪಿಗೆ ಯಾವ ವಿವರ ಕೊಡಬೇಕು ಎಂಬ ನಿಯಮಗಳನ್ನು ಮಾತ್ರ ಬಹುಕಾಲ ಸಾದಾ ಪಠ್ಯ ಕಡತಗಳಲ್ಲಿ, ಒಬ್ಬೊಬ್ಬರ ಶೈಲಿಯ ಇಂಗ್ಲಿಷಿನಲ್ಲಿ ಬರೆದಿಡುತ್ತಿದ್ದರು. ಒಂದರಲ್ಲಿ ‘ವಿಳಾಸ ಕಡ್ಡಾಯ’ ಎಂದಿದ್ದರೂ ಬೋರ್ಡಿನ ಕಡತ ಅದನ್ನು ಬಿಟ್ಟಿರಬಹುದು. ಓದಿ ಹೋಲಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ಕರ್ನಲ್‌ನ ಡಿವೈಸ್ ಟ್ರೀ ವಿಭಾಗ ನೋಡಿಕೊಳ್ಳುವ ರಾಬ್ ಹೆರಿಂಗ್ ಮುಂದಾಳುತನದಲ್ಲಿ 2018ರ ಹೊತ್ತಿಗೆ ಈ ನಿಯಮಗಳನ್ನು ಯಂತ್ರವೂ ಓದಬಲ್ಲ ಸ್ಕೀಮಾಗಳಾಗಿ ಬದಲಿಸುವ ಕೆಲಸ ಶುರುವಾಯಿತು. ಈಗ ಒಂದು ಆದೇಶ ಕೊಟ್ಟರೆ ಬೋರ್ಡಿನ ಕಡತಗಳನ್ನು ನಿಯಮಗಳ ಎದುರಿಟ್ಟು ಯಂತ್ರವೇ ತಾಳೆ ನೋಡುತ್ತದೆ. ಇನ್ನೊಂದು ಆದೇಶ ದಾಖಲೆಯನ್ನೇ ಪರೀಕ್ಷೆಗೆ ಒಡ್ಡುತ್ತದೆ: ದಾಖಲೆಯ ಕೊನೆಯಲ್ಲಿ ಕೊಟ್ಟಿರುವ ಉದಾಹರಣೆಯನ್ನು ನಿಜವಾದ ಸಂಕೇತದಂತೆಯೇ ಕಂಪೈಲ್ ಮಾಡಿ, ಅದು ತನ್ನದೇ ನಿಯಮಕ್ಕೆ ಹೊಂದುತ್ತದೆಯೇ ಎಂದು ನೋಡುತ್ತದೆ. ಉದಾಹರಣೆಯಲ್ಲಿ ಕಡ್ಡಾಯ ವಿವರವೊಂದು ಬಿಟ್ಟುಹೋಗಿದ್ದರೆ ದೋಷ ಸಂದೇಶ ಖಚಿತ. ಡ್ರೈವರಿನಲ್ಲಿ ಬಳಸಿದ ‘ಕಂಪ್ಯಾಟಿಬಲ್’ ಹೆಸರಿಗೆ ದಾಖಲೆಯೇ ಇಲ್ಲವಾದರೆ ಕರ್ನಲ್‌ನ ತಪಾಸಣಾ ಪ್ರೋಗ್ರಾಮ್ ಎಚ್ಚರಿಸುತ್ತದೆ.

ಬರಹ ಮತ್ತು ಸಂಕೇತದ ನಡುವಿನ ಗೆರೆ ಇಲ್ಲಿ ಅಳಿಸಿಹೋಗಿದೆ. ತಪ್ಪು ದಾಖಲೆ ಬರೆದರೆ ಈಗ ಓದುಗ ದಾರಿ ತಪ್ಪುವ ಮೊದಲೇ ಪರೀಕ್ಷೆ ಕೆಡುತ್ತದೆ.

ಸಾವಿರ ರೌಟರ್‌ಗಳ ಕೋಷ್ಟಕ

ಮತ್ತೆ ಓಪನ್‌ಡಬ್ಲ್ಯುಆರ್‌ಟಿಗೆ ಬರೋಣ. ಅದರ ಯಂತ್ರಾಂಶ ಕೋಷ್ಟಕದಲ್ಲಿ ಇಂದು ಸಾವಿರಕ್ಕೂ ಹೆಚ್ಚು ಸಾಧನಗಳಿವೆ. ಪ್ರತಿ ಸಾಧನಕ್ಕೂ ಒಂದು ಮಾಹಿತಿ ಪುಟ: ಫ್ಲ್ಯಾಶ್ ಎಷ್ಟು, ರ್‍ಯಾಮ್ ಎಷ್ಟು, ಯಾವ ಬಿಡುಗಡೆಯಿಂದ ಬೆಂಬಲ, ಈಗಿನ ಬಿಡುಗಡೆಯಲ್ಲಿ ಇದೆಯೇ, ಯಾವ ಭಾಗ ಕೆಲಸ ಮಾಡುವುದಿಲ್ಲ. ಈ ಪುಟಗಳಿಂದ ಕೋಷ್ಟಕ ತಾನಾಗಿ ಮೂಡುತ್ತದೆ, ಪುಟಗಳನ್ನು ಮಾತ್ರ ತುಂಬುವವರು ಮನುಷ್ಯರೇ.

2016ರಲ್ಲಿ ಯೋಜನೆ ಒಡೆದು ಲೀಡ್ ಎಂಬ ಕವಲು ಹುಟ್ಟಿತು. 2018ರ ಆರಂಭದಲ್ಲಿ ಎರಡೂ ಮತ್ತೆ ಕೂಡಿದವು. ಮನೆ ಪಾಲಾಗಿ ಕೂಡಿದಾಗ ದಾಖಲೆಗಳೂ ಎರಡು ಕಡೆ ಇದ್ದವು. 2019ರ ಕೊನೆಗೆ, ವೈಫೈ ಸಾಧನಗಳ ಒಳವಿವರ ಸಂಗ್ರಹಿಸಿದ್ದ ವಿಕಿಡೆವಿ ತಾಣ ಮುಚ್ಚಿತು. ಕೋಷ್ಟಕದಿಂದ ಅದರತ್ತ ಬೆರಳು ತೋರುತ್ತಿದ್ದ ಕೊಂಡಿಗಳೆಲ್ಲ ಒಮ್ಮೆಗೇ ನಿರರ್ಥಕವಾದವು. ಆಮೇಲೆ 2021ರ 21.02 ಬಿಡುಗಡೆ. ಬಹುಕಾಲದಿಂದ ನಡೆದುಬಂದಿದ್ದ ಎಆರ್71ಎಕ್ಸ್ಎಕ್ಸ್ ಎಂಬ ಸಂಕೇತ ಶಾಖೆಯನ್ನು ಇದರಲ್ಲಿ ಕೈಬಿಟ್ಟು, ಡಿವೈಸ್ ಟ್ರೀ ಆಧಾರಿತ ಎಟಿಎಚ್79 ಶಾಖೆಯನ್ನು ಮುಂದುವರಿಸಿದರು. ಅದಕ್ಕೆ ವರ್ಗಾವಣೆಯಾಗದ ರೌಟರ್‌ಗಳು ಬೆಂಬಲ ಕಳೆದುಕೊಂಡವು. ಕನಿಷ್ಠ ಅಗತ್ಯ 8 ಎಂಬಿ ಫ್ಲ್ಯಾಶ್, 64 ಎಂಬಿ ರ್‍ಯಾಮ್‌ಗೆ ಏರಿದ್ದರಿಂದ ಇನ್ನಷ್ಟು ಉದುರಿದವು. ಸಂಕೇತದಲ್ಲಿ ಇದು ಒಂದು ನಿರ್ಧಾರ, ಕೋಷ್ಟಕದಲ್ಲಿ ಸಾಲು ಸಾಲಾಗಿ ತಿದ್ದಬೇಕಾದ ಕೆಲಸ.

ಇದಕ್ಕೆ ಸಿಕ್ಕ ಪರಿಹಾರದ ಬೇರು ಕಟ್ಟುವ ವ್ಯವಸ್ಥೆಯಲ್ಲೇ ಇದೆ. ಹಿಂದೆ ಸಂಕೇತದಲ್ಲಿ ಪ್ರತಿ ಸಾಧನಕ್ಕೆ ‘ಟಿಪಿ-ಲಿಂಕ್ ಆರ್ಚರ್ ಸಿ7 ವಿ5’ ಎಂಬಂಥ ಒಂದೇ ಶೀರ್ಷಿಕೆ ಇತ್ತು. ಅದನ್ನು ತಯಾರಕ, ಮಾಡೆಲ್, ಆವೃತ್ತಿ ಎಂದು ಮೂರು ಕ್ಷೇತ್ರಗಳಾಗಿ ಒಡೆದರು. ಒಂದೇ ಯಂತ್ರ ಎರಡು ಹೆಸರಲ್ಲಿ ಮಾರಾಟವಾಗುತ್ತಿದ್ದರೆ ಪರ್ಯಾಯ ಹೆಸರಿಗೂ ಜಾಗ ಕೊಟ್ಟರು. ಈಗ ತಂತ್ರಾಂಶ ಕಟ್ಟುವಾಗಲೇ ಈ ವಿವರಗಳು ‘ಪ್ರೊಫೈಲ್ಸ್’ ಎಂಬ ಕಡತವಾಗಿ ಹೊರಬರುತ್ತವೆ. ಬಳಕೆದಾರ ತನ್ನ ರೌಟರಿನ ಹೆಸರು ಟೈಪಿಸಿ ಸರಿಯಾದ ಫರ್ಮ್‌ವೇರ್ (ರೌಟರಿಗೆ ಹಾಕುವ ತಂತ್ರಾಂಶ) ಹುಡುಕುವ ಜಾಲಪುಟ ಈ ಕಡತವನ್ನೇ ಓದುತ್ತದೆ. ಫರ್ಮ್‌ವೇರ್ ಕಟ್ಟಲಾಗದ ಸಾಧನ ಅಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ‘ಈಗಿನ ಬಿಡುಗಡೆಯಲ್ಲಿ ಇದೆಯೇ’ ಎಂಬ ಪ್ರಶ್ನೆಗೆ ಇನ್ನು ಯಾರ ನೆನಪೂ ಬೇಕಿಲ್ಲ.

ಫರ್ಮ್‌ವೇರ್ ಕಡತದ ಒಳಗೂ ‘ನಾನು ಈ ಸಾಧನಗಳಿಗೆ ಸಲ್ಲುತ್ತೇನೆ’ ಎಂಬ ಪಟ್ಟಿ ಅಡಕವಾಗಿರುತ್ತದೆ. ಆರ್ಚರ್ ಸಿ7ರ ಐದನೆಯ ಆವೃತ್ತಿಯ ಫರ್ಮ್‌ವೇರನ್ನು ಎರಡನೆಯ ಆವೃತ್ತಿಯ ರೌಟರಿಗೆ ಹಾಕಲು ಹೊರಟರೆ ನವೀಕರಣ ಪ್ರೋಗ್ರಾಮ್ ಎಚ್ಚರಿಸಿ ತಡೆಯುತ್ತದೆ. ಕೈಪಿಡಿ ಓದದವರನ್ನೂ ಕಾಯುವ ದಾಖಲೆ ಇದು.

‘ಕೆಲಸ ಮಾಡುತ್ತದೆ’ ಎಂದರೇನು?

ಇಷ್ಟಾದರೂ ಯಂತ್ರಕ್ಕೆ ತಿಳಿಯದ ಒಂದು ಸಂಗತಿ ಉಳಿಯುತ್ತದೆ. ಸಂಕೇತ ಕಂಪೈಲ್ ಆಯಿತು, ಸಂಖ್ಯೆ ಹೊಂದಿತು, ಡ್ರೈವರ್ ಎದ್ದಿತು. ಇಷ್ಟನ್ನು ಯಂತ್ರ ಹೇಳಬಲ್ಲದು. ನಿಜವಾಗಿ ಕೆಲಸ ಮಾಡಿತೇ ಎಂಬುದನ್ನು ಮನುಷ್ಯನೇ ನೋಡಿ ಹೇಳಬೇಕು.

ಮೇಲೆ ಹೇಳಿದ ಆರ್ಚರ್ ಸಿ7 ರೌಟರಿನ ಮೊದಲ ಆವೃತ್ತಿಯನ್ನೇ ನೋಡಿ. ಓಪನ್‌ಡಬ್ಲ್ಯುಆರ್‌ಟಿ ಅದರಲ್ಲಿ ಓಡುತ್ತದೆ. ಆದರೆ ಅದರ 5 ಗಿಗಾಹರ್ಟ್ಸ್ ರೇಡಿಯೊಗೆ ಬಳಸಿರುವುದು ಕ್ವಾಲ್‌ಕಾಮ್ ಚಿಪ್ಪಿನ ಆರಂಭಿಕ ಅವತಾರ. ಎಟಿಎಚ್10ಕೆ ಡ್ರೈವರ್ ಅದನ್ನು ನಡೆಸುವುದಿಲ್ಲ. ಎರಡನೆಯ ಆವೃತ್ತಿಯಲ್ಲಿ ಚಿಪ್ಪಿನ ಪರಿಷ್ಕೃತ ರೂಪ ಬಂದು ಎಲ್ಲ ಸರಿಹೋಯಿತು. ಮೊದಲ ಆವೃತ್ತಿಗೆ ‘ಬೆಂಬಲವಿದೆ’ ಎಂದರೂ ಸುಳ್ಳು, ‘ಇಲ್ಲ’ ಎಂದರೂ ಸುಳ್ಳು. ‘ಕೆಲಸ ಮಾಡದ ಭಾಗಗಳು’ ಎಂಬ ಪ್ರತ್ಯೇಕ ಅಂಕಣ ಇಂಥವಕ್ಕಾಗಿಯೇ.

ಬಳಕೆದಾರರ ಗಣಕಗಳಿಂದ ಯಂತ್ರಾಂಶ ವಿವರ ಸಂಗ್ರಹಿಸುವ ಎಚ್‌ಡಬ್ಲ್ಯು-ಪ್ರೋಬ್ ಪ್ರೋಗ್ರಾಮ್ ‘ಪತ್ತೆಯಾಗಿದೆ’ ಮತ್ತು ‘ಕೆಲಸ ಮಾಡುತ್ತದೆ’ ಎಂಬ ಎರಡನ್ನು ಬೇರೆ ಬೇರೆ ಸ್ಥಿತಿಗಳಾಗಿಯೇ ಬರೆದುಕೊಳ್ಳುತ್ತದೆ. ಕೋರ್‌ಬೂಟ್ ಯೋಜನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಗಣಕ ಶುರುವಾಗುವಾಗ ಎಲ್ಲಕ್ಕಿಂತ ಮೊದಲು ಓಡುವ ತಂತ್ರಾಂಶ ಅದು. ತಪ್ಪಿದರೆ ಬೋರ್ಡು ಕಲ್ಲಾಗಿ ಕೂರುತ್ತದೆ. ಅದಕ್ಕೇ ಅಲ್ಲಿ ‘ಬೋರ್ಡ್ ಸ್ಟೇಟಸ್’ ಎಂಬ ಪ್ರತ್ಯೇಕ ಭಂಡಾರ ಮಾಡಿದ್ದಾರೆ. ಬೋರ್ಡೊಂದನ್ನು ಪರೀಕ್ಷಿಸಿದವರು ಒಂದು ಪ್ರೋಗ್ರಾಮ್ ಓಡಿಸಿದರೆ, ಸಂಕೇತದ ಯಾವ ಆವೃತ್ತಿ, ಯಾವ ಸಂರಚನೆ, ಯಾವ ದಿನ, ಬೂಟ್ ಆಗುವಾಗ ಕರ್ನಲ್ ಏನೇನು ಹೇಳಿತು ಎಂಬ ದಾಖಲೆ ಪೂರ್ತಿಯಾಗಿ ಅಲ್ಲಿ ಸೇರುತ್ತದೆ. ಬೇರೆ ಪಟ್ಟಿಗಳಲ್ಲಿ ಹೆಸರಿನ ಮುಂದೆ ಬರಿಯ ಟಿಕ್ ಗುರುತು ಇದ್ದರೆ ಇಲ್ಲಿ ತಾರೀಖು ಸಹಿತ ಸಾಕ್ಷಿ ಇದೆ. ಐದು ವರ್ಷ ಹಳೆಯ ಸಾಕ್ಷಿಯನ್ನು ಎಷ್ಟು ನಂಬಬೇಕೆಂದು ಓದುವವರೇ ತೀರ್ಮಾನಿಸಬಹುದು.

ಯಂತ್ರಕ್ಕೆ ಗೊತ್ತಿರುವುದನ್ನು ಯಂತ್ರದಿಂದಲೇ ಬರೆಸಬೇಕು. ಮನುಷ್ಯರಿಗೆ ಮಾತ್ರ ಗೊತ್ತಿರುವುದಕ್ಕೆ ತಾರೀಖು ಹಾಕಬೇಕು. ಹೊಂದಾಣಿಕೆ ದಾಖಲೆ ಹಳಸದಂತೆ ಇಡುವ ವಿದ್ಯೆಯ ಸಾರ ಇಷ್ಟೇ. ಓಪನ್‌ಡಬ್ಲ್ಯುಆರ್‌ಟಿಯ ಪ್ರೊಫೈಲ್ ಕಡತ ಮೊದಲನೆಯದನ್ನು ಮಾಡುತ್ತದೆ, ಕೋರ್‌ಬೂಟ್‌ನ ಭಂಡಾರ ಎರಡನೆಯದನ್ನು.

ಕನ್ನಡದ ಓದುಗರಲ್ಲಿ ಹಳೆಯ ರೌಟರ್‌ಗೋ ಲ್ಯಾಪ್‌ಟಾಪಿಗೋ ಮುಕ್ತ ತಂತ್ರಾಂಶ ಹಾಕಿ ನೋಡುವವರು ಬೇಕಾದಷ್ಟು ಮಂದಿ ಇದ್ದಾರೆ. ಡ್ರೈವರ್ ಬರೆಯಲು ಬಾರದಿದ್ದರೂ ಈ ಎರಡನೆಯ ಕೆಲಸಕ್ಕೆ ಅವರು ತಕ್ಕವರು. ‘ಚೆನ್ನಾಗಿ ಓಡುತ್ತಿದೆ’ ಎಂದಷ್ಟೇ ಹೇಳಿದರೆ ಯಾರಿಗೂ ಪ್ರಯೋಜನವಿಲ್ಲ. ಲೇಬಲ್ಲಿನ ಮೇಲಿನ ಆವೃತ್ತಿ ಸಂಖ್ಯೆ, ಸಾಧನ ಹೇಳಿಕೊಂಡ ಗುರುತಿನ ಸಂಖ್ಯೆ, ಹಾಕಿದ ತಂತ್ರಾಂಶದ ಬಿಡುಗಡೆ, ಪರೀಕ್ಷಿಸಿದ ದಿನ, ಕೆಲಸ ಮಾಡದ ಭಾಗ: ಈ ಐದನ್ನು ಬರೆದರೆ ಆ ಸಾಲನ್ನು ಇನ್ನೊಬ್ಬರು ನಂಬಿ ದುಡ್ಡು ಖರ್ಚು ಮಾಡಬಹುದು.